ಆಡಿನ ಮೈಮೇಲಿನ ಬೆರಳಚ್ಚು

ಹರಿಹರದ ಹಳೇ ಪೇಟೆಯ ಗಲ್ಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಫೋಟೊ ಸ್ಟುಡಿಯೊದ ಷಟರ್ ಮೊಣಕಾಲೆತ್ತರಕ್ಕಷ್ಟೇ ಎದ್ದಿದೆ. ಒಳಗೆ ಗುಲ್ಷನ್ ಮಂಡಿಯೂರಿ, ಉಸಿರು ಬಿಗಿಹಿಡಿದು, ಮೇಜಿನ ಮೇಲಿನ ಮಣ್ಣಿನ ಆಡಿನ ಮುಂಗಾಲನ್ನು ಕೂದಲೆಳೆಯಷ್ಟು ಮುಂದಕ್ಕೆ ಸರಿಸುತ್ತಾರೆ. ಹಿಂದೆ ಸರಿದು ಕ್ಯಾಮೆರಾದ ರಿಮೋಟ್ ಒತ್ತುತ್ತಾರೆ. ಮತ್ತೆ ಮಂಡಿಯೂರುತ್ತಾರೆ. ಹೀಗೆ ಹನ್ನೆರಡು ಸಲ ಮಾಡಿದರೆ ಆಡು ಒಂದು ಸೆಕೆಂಡು ನಡೆದಂತೆ. ರಸ್ತೆಯಲ್ಲಿ ಲಾರಿಗಳ ಓಡಾಟ ಶುರುವಾದರೆ ಮೇಜು ನಡುಗುತ್ತದೆ, ಅದಕ್ಕೇ ಈ ಹೊತ್ತು.

ಇವತ್ತು ಅವರ ಕಣ್ಣು ಆಡಿನ ಹಿಂಗಾಲಿನ ಮೇಲೆ ನಿಂತುಬಿಟ್ಟಿದೆ. ನಿನ್ನೆ ಬಿಟ್ಟ ಜಾಗದಲ್ಲಿ ಅದು ಇಲ್ಲ.

"ಯೋಗರಾಜಣ್ಣ, ಯಾರೋ ಮುಟ್ಯಾರೆ ಇದನ್ನ."

ಸ್ಟುಡಿಯೊ ಮಾಲೀಕ ಯೋಗರಾಜ್ ಒಳಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದಾರೆ. "ನಾನ್ಯಾಕವ್ವ ಮುಟ್ಲಿ? ನಿನ್ನ ಆಡೇನು ಹಾಲು ಕೊಡ್ತೈತಾ?"

"ನೀವು ಅಂತ ನಾನೆಲ್ಲಿ ಅಂದೆ? ನೀವೇ ಮೈಮ್ಯಾಲೆ ಎಳ್ಕೊಂಡ್ರಿ."

ಇಲಿ ಓಡಾಡಿತೋ, ಮಾಲೀಕರ ಕೈ ತಾಗಿತೋ. ಗುಲ್ಷನ್ ಇಬ್ಬರನ್ನೂ ನಂಬುವುದಿಲ್ಲ. ಅದರಲ್ಲೂ ಇವತ್ತು.

ಅವರು ಹುಟ್ಟಿದ್ದು ದಾವಣಗೆರೆಯ ಆನೆಕೊಂಡದಲ್ಲಿ. ಮದುವೆಯಾಗಿ ಹರಿಹರಕ್ಕೆ ಬಂದರು. ಗಂಡ ಗುತ್ತೂರಿನ ಕಡೆ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾರೆ. ಇವರು ಇಲ್ಲಿ ಕಂಪ್ಯೂಟರಿನ ಮುಂದೆ ಕೂತು ಊರಿನವರ ಮುಖ ತೊಳೆಯುತ್ತಾರೆ. ಪಾಸ್‌ಪೋರ್ಟ್ ಫೋಟೊದ ಹಿಂದೆ ಬಿಳಿ ತುಂಬುವುದು, ಮೊಡವೆ ಅಳಿಸುವುದು, ಕೋಟಿಲ್ಲದವರಿಗೆ ಕೋಟು ತೊಡಿಸುವುದು. ಮದುಮಗಳ ಕಣ್ಣಿನ ಕೆಳಗಿನ ಕಪ್ಪು ಹೋಗಬೇಕು, ತೀರಿಹೋದವರ ಹಳೇ ಫೋಟೊದ ಮಡಿಕೆ ಕಾಣಬಾರದು. ಆಲ್ಬಂ ನೋಡಿದವರು ಕ್ಯಾಮೆರಾ ಹಿಡಿದವನನ್ನು ಹೊಗಳುತ್ತಾರೆ. ಒಳಗೆ ಕೂತು ಕಣ್ಣು ಕೆಂಪಗೆ ಮಾಡಿಕೊಂಡವರು ಯಾರು ಅಂತ ಒಬ್ಬರಾದರೂ ಕೇಳಬೇಕಲ್ಲ! ಕೇಳುವುದಿಲ್ಲ.

ಅದೇ ಸಾಫ್ಟ್‌ವೇರಿನಲ್ಲಿ ಫೋಟೊಗಳನ್ನು ಪದರ ಪದರವಾಗಿ ಜೋಡಿಸಿ ಒಂದಾದ ಮೇಲೊಂದು ಕಾಣಿಸಿದರೆ ನಿಂತದ್ದು ನಡೆಯುತ್ತದೆ ಎಂದು ಗೊತ್ತಾದದ್ದು ಅಕಸ್ಮಾತ್. ಒಂದು ಮದುವೆಯ ಫೋಟೊಗಳನ್ನು ಬೇಗ ಬೇಗ ಬದಲಿಸುವಾಗ ಮದುಮಗ ಪರದೆಯ ಮೇಲೆ ಮೂಗು ಕೆರೆದುಕೊಂಡ. ಗುಲ್ಷನ್ ನಕ್ಕು ನಕ್ಕು ಸುಸ್ತಾದರು. ಆಮೇಲೆ ಮಕ್ಕಳಾಡುವ ಬಣ್ಣದ ಮಣ್ಣು ತಂದು ಆಡು ಮಾಡಿದರು. ಸ್ಟುಡಿಯೊಗೆ ನುಗ್ಗಿ ಎಲ್ಲರ ಪಾಸ್‌ಪೋರ್ಟ್ ಫೋಟೊ ಮೇಯ್ದು, ಕೊನೆಗೆ ತಾನೇ ಸ್ಟೂಲು ಹತ್ತಿ ಫೋಟೊ ತೆಗೆಸಿಕೊಳ್ಳುವ ಆಡು. ಅದು ಜಿಗಿಯುವಾಗ ಮೇಲೆ ಹಿಡಿದಿರುವ ತಂತಿಯನ್ನು ಪ್ರತಿ ಫೋಟೊದಿಂದಲೂ ಅಳಿಸಬೇಕು. ಎರಡು ನಿಮಿಷದ ಚಿತ್ರಕ್ಕೆ ಒಂದು ವರ್ಷ ಹಿಡಿಯಿತು.

ಆ ವರ್ಷವಿಡೀ ಅತ್ತೆ ಸುಗ್ರಾಬಿಗೆ ಬೇರೆಯೇ ಅನುಮಾನ. ಬೆಳಕು ಹರಿಯುವ ಮುಂಚೆ ಮುಚ್ಚಿದ ಅಂಗಡಿಯಲ್ಲಿ ಸೊಸೆಗೆ ಏನು ಕೆಲಸ? ಒಂದು ದಿನ ಚಹಾ ಕೊಡುವ ನೆಪದಲ್ಲಿ ಷಟರ್ ಅಡಿಯಿಂದ ಇಣುಕಿಯೇ ಬಿಟ್ಟರು. "ಏನ್ ನೋಡ್ತೀನಿ? ನಮ್ ಸೊಸಿ ಒಬ್ಳೇ ಕೂತು ಬಕ್ರಿಗೆ ಬೈತಾಳೆ, ಅಲ್ಲಾಡಬ್ಯಾಡ ಅಂತ! ಬ್ಯಾರೆ ಏನಾರ ಇದ್ದಿದ್ರೆ ಜಗಳ ಆಡಬೋದಿತ್ತು. ಬಕ್ರಿ ಜೊತೆ ಏನಂತ ಜಗಳ ಆಡ್ಲಿ?"

ಅತ್ತೆಯ ಅನುಮಾನ ಅಲ್ಲಿಗೆ ಮುಗಿಯಿತು. ದಾವಣಗೆರೆಯವರದು ಮುಗಿಯಲಿಲ್ಲ. ಅಲ್ಲಿನ ಮಕ್ಕಳ ಚಿತ್ರ ಬಳಗವೊಂದು ಬರುವ ಭಾನುವಾರ ಪ್ರದರ್ಶನ ಇಟ್ಟುಕೊಂಡಿದೆ. ಕೈಯಿಂದ ಮಾಡಿದ ಚಿತ್ರಗಳಿಗೆ ಮಾತ್ರ ಪ್ರವೇಶ. ಗುಲ್ಷನ್ ಕಳಿಸಿದ್ದನ್ನು ನೋಡಿ ಬಳಗದ ಪರಮೇಶ್ವರಪ್ಪ ಮೇಷ್ಟ್ರು ಫೋನು ಮಾಡಿದರು. "ನೋಡಮ್ಮ, ಇದು ಎಐ ಮಾಡಿದ್ದು. ಮಣ್ಣಿನ ಮೇಲೆ ಒಂದೇ ಒಂದು ಬೆರಳಿನ ಗುರುತಿಲ್ಲ. ನಾಲ್ಕು ಸಾಲು ಟೈಪ್ ಮಾಡಿದ್ರೆ ಇಂಥದ್ದು ಬರುತ್ತೆ."

ದೊಡ್ಡ ಕಂಪನಿಯ ಜಾಹೀರಾತು ನೋಡಿ ಯಾರಾದರೂ ಹೀಗೆ ಕೇಳುತ್ತಾರಾ? ಹಳೇ ಪೇಟೆಯ ಹೆಂಗಸು ಮಾಡಿದ್ದು ಅಂದ ಕೂಡಲೇ ಸಾಕ್ಷಿ ಬೇಕು. ಗೊಂಬೆ ತೋರಿಸುತ್ತೇನೆ ಎಂದರೆ, ಗೊಂಬೆ ಯಾರು ಬೇಕಾದರೂ ಮಾಡುತ್ತಾರೆ ಎಂಬ ಉತ್ತರ. ತಿದ್ದುವ ಮೊದಲಿನ ಫೋಟೊಗಳನ್ನು ಕಳಿಸು ಎಂದು ಮೇಷ್ಟ್ರು ಕೇಳಿದರೆ, ಅವು ಇಲ್ಲ.

ಇಲ್ಲದಿರುವುದಕ್ಕೆ ಕಾರಣ ಗುಲ್ಷನ್ನರೇ. ಮಣ್ಣಿನ ಮೇಲೆ ಮೂಡಿದ್ದ ತಮ್ಮ ಬೆರಳಚ್ಚುಗಳನ್ನೆಲ್ಲ, ಮೊಡವೆ ಅಳಿಸುವ ಬ್ರಷ್ಷಿನಿಂದಲೇ, ಒಂದೊಂದು ಫೋಟೊದಿಂದಲೂ ಅಳಿಸಿದ್ದಾರೆ. ಅಳಿಸಿದ್ದನ್ನು ಹಳೆಯದರ ಮೇಲೆಯೇ ಸೇವ್ ಮಾಡಿದ್ದಾರೆ. ಕಂಪ್ಯೂಟರಿನಲ್ಲಿ ಜಾಗ ಉಳಿಯಲೆಂದು ಸ್ಟುಡಿಯೊದಲ್ಲಿ ಎಲ್ಲರ ಫೋಟೊಗೂ ಅದೇ ರೂಢಿ.

"ಕಲೆ ಕಂಡ್ರೆ ನನ್ ಕೈ ಸುಮ್ನಿರಲ್ರಿ" ಎನ್ನುತ್ತಾರೆ. "ನಾನೇ ಮಾಡೀನಿ ಅನ್ನಾಕೆ ಇದ್ದ ಗುರ್ತು, ನಾನೇ ಒರೆಸೀನಿ."

ಹಾಗಾದರೆ ಕಣ್ಣೆದುರು ಕೊನೆಯ ದೃಶ್ಯ ಮತ್ತೊಮ್ಮೆ ಮಾಡಿ ತೋರಿಸು ಎಂದಿದ್ದರು ಮೇಷ್ಟ್ರು. ನಿನ್ನೆಯಿಂದ ನಡೆದಿರುವ ತಾಲೀಮು ಅದಕ್ಕೇ. ಇವತ್ತು ಅವರು ದಾವಣಗೆರೆಯಿಂದ ಸ್ಕೂಟರಿನಲ್ಲಿ ಬಂದೇಬಿಡುತ್ತಾರೆ. ಬಂದವರು ಕೂಡುವುದಿಲ್ಲ. ಮೇಜಿನ ಕೆಳಗೆ ಬಗ್ಗಿ ನೋಡುತ್ತಾರೆ, ಕಂಪ್ಯೂಟರಿನ ಹಿಂದೆ ಇಣುಕುತ್ತಾರೆ.

"ಅಲ್ಲಿ ಜಿರಳೆ ಬಿಟ್ರೆ ಯಾರೂ ಇಲ್ರಿ ಸಾರ್" ಎನ್ನುತ್ತಾರೆ ಯೋಗರಾಜ್.

ಗುಲ್ಷನ್ ಆಡಿನ ಮುಂದೆ ಮಂಡಿಯೂರುತ್ತಾರೆ. ಕಾಲು ಸರಿಸುತ್ತಾರೆ, ಒತ್ತುತ್ತಾರೆ. ಕುತ್ತಿಗೆ ಎತ್ತುತ್ತಾರೆ, ಒತ್ತುತ್ತಾರೆ. ಮೊದಲ ಲಾರಿ ಹಾದುಹೋದದ್ದೇ ತಡ, ಆಡು ಮಗುಚಿ ಬೀಳುತ್ತದೆ. ಎತ್ತಿ ನಿಲ್ಲಿಸಿ, ಹಿಂದಿನ ಫೋಟೊ ನೋಡಿಕೊಂಡು, ಮತ್ತೆ ಶುರು.

"ಇನ್ನೂ ಎಷ್ಟು ಹೊತ್ತಮ್ಮ?"

"ಅದಿನ್ನೂ ಸ್ಟೂಲೇ ಹತ್ತಿಲ್ಲ ಸಾರ್. ಕೂಡ್ರಿ."

ಮೇಷ್ಟ್ರು ಕೂಡುತ್ತಾರೆ. ಬಿಸಿಲು ಷಟರ್ ಅಡಿಯಿಂದ ಒಳಕ್ಕೆ ಬರುತ್ತದೆ. ಕೊನೆಗೆ ಗುಲ್ಷನ್ ಫೋಟೊಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಈ ಸಲ ಒಂದು ಗುರುತನ್ನೂ ಅಳಿಸದೆ ಜೋಡಿಸಿ, ಓಡಿಸುತ್ತಾರೆ. ಆಡು ತಡವರಿಸಿ ಸ್ಟೂಲು ಹತ್ತುತ್ತದೆ, ಅದರ ಮೈತುಂಬಾ ಬೆರಳಿನ ಗೆರೆಗಳು ಗಾಳಿಗೆ ಕೂದಲು ಎದ್ದ ಹಾಗೆ ಮಿಸುಕಾಡುತ್ತವೆ.

"ಇನ್ನೊಂದ್ಸಲ ಹಾಕಮ್ಮ" ಎನ್ನುತ್ತಾರೆ ಮೇಷ್ಟ್ರು. ನೋಡುತ್ತಾರೆ. "ಹಳೇ ಕೊನೆ ತೆಗೆದು ಇದನ್ನೇ ಸೇರಿಸು. ಭಾನುವಾರ ತೋರಿಸ್ತೀವಿ, ನಿನ್ನ ಹೆಸರು ಹಾಕಿ."

ಯೋಗರಾಜ್ ಚಪ್ಪಾಳೆ ತಟ್ಟುತ್ತಾರೆ. ಗುಲ್ಷನ್ನರ ಮುಖ ಮಾತ್ರ ಸಡಿಲವಾಗುವುದಿಲ್ಲ.

"ಸಾರ್, ಒಂದ್ ಕೆಲಸ ಮಾಡ್ರಿ. ಆಡಿನ ಕಿವಿ ಒಂಚೂರು ನೀವೇ ಬಗ್ಗಿಸ್ರಿ."

ಮೇಷ್ಟ್ರು ಹೆಬ್ಬೆರಳಿಂದ ಒತ್ತುತ್ತಾರೆ. ಗುಲ್ಷನ್ ಫೋಟೊ ತೆಗೆದು, ಅದನ್ನೂ ಕೊನೆಗೆ ಸೇರಿಸಿ, ಪರದೆಯ ಮೇಲೆ ದೊಡ್ಡದು ಮಾಡುತ್ತಾರೆ. ಕಿವಿಯ ತುಂಬಾ ಅಗಲವಾದ ಗೆರೆಗಳ ಸುಳಿ. ಮೇಷ್ಟ್ರಿಗೆ ಮುಜುಗರ.

"ಅಯ್ಯೋ, ಕಿವಿ ಕೆಡಿಸಿಬಿಟ್ಟೆ. ಅಳಿಸಿಬಿಡಮ್ಮ ಅದನ್ನ."

"ಇಲ್ರಿ ಸಾರ್, ಇದನ್ನ ಅಳಿಸಲ್ಲ" ಎನ್ನುತ್ತಾರೆ ಗುಲ್ಷನ್. "ನಾಳೆ ನೀವು, ನಾ ಅಲ್ಲಿಗೆ ಹೋಗೇ ಇಲ್ಲ ಅಂದ್ರೆ, ನಾನು ಯಾರನ್ನ ಸಾಕ್ಷಿಗೆ ಕರೀಲಿ?"