ಗರಾಜಿಗೆ ಹೋದ ಕಡುಬು

ದುಬಾರಿ ಹೋಟೆಲೆಂದರೆ ನನಗೆ ಮೊದಲಿನಿಂದಲೂ ಅಂಜಿಕೆ. ಬೆಳಕು ಕಡಿಮೆ, ತಟ್ಟೆ ದೊಡ್ಡದು, ಅದರ ನಡುವೆ ಪದಾರ್ಥ ಎಲ್ಲಿದೆ ಎಂದು ಹುಡುಕಬೇಕು. ಬಡಿಸುವವನು ಬಂದು ತನ್ನ ಹೆಸರು ಹೇಳಿ, ಇವತ್ತು ನಿಮ್ಮನ್ನು ನೋಡಿಕೊಳ್ಳುವವನು ನಾನೇ ಎನ್ನುತ್ತಾನೆ. ಆಸ್ಪತ್ರೆಯ ಲ್ಯಾಬಿನಲ್ಲಿ ಆಯುಸ್ಸು ಕಳೆದ ನನಗೆ, ಇವನು ಡ್ರಿಪ್ ಹಾಕಲು ಬಂದನೇ ಎಂದು ಅನುಮಾನವಾಗುತ್ತದೆ. ನನ್ನ ಜಾಯಮಾನಕ್ಕೆ ಒಗ್ಗುವುದು ಪ್ಲಾಜಾದ ಮೂಲೆಯ ಸಣ್ಣ ಅಂಗಡಿಗಳು. ಪ್ಲಾಸ್ಟಿಕ್ ಕುರ್ಚಿ, ಒದ್ದೆ ಬೂಟುಗಳ ಗುರುತು ಬಿದ್ದ ನೆಲ, ಗಲ್ಲಾದ ಹಿಂದೆ ಯಾರೋ ಫೋನಿನಲ್ಲಿ ತಮ್ಮೂರಿನವರ ಜೊತೆ ಜಗಳ. ಅಲ್ಲಿ ಹಸಿವಾದವರು ಬರುತ್ತಾರೆ, ತಿನ್ನುತ್ತಾರೆ, ಹೋಗುತ್ತಾರೆ.

ನಾವು ಬಂದು ನೆಲೆಸಿದ ಈ ಚಳಿದೇಶದಲ್ಲಿ, ಸ್ಕಾರ್ಬರೋ ಎಂಬ ಕಡೆ ಅಂಥದೊಂದು ಫಿಲಿಪಿನೋ ಅಂಗಡಿಯನ್ನು ನನಗೆ ತೋರಿಸಿಕೊಟ್ಟವಳು ಲಿಗಾಯ. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಅವಳು ನರ್ಸ್ ಆಗಿದ್ದಳು. ಒಂದೇ ಬಸ್ಸಿಗೆ ಕಾಯುತ್ತ, ಒಂದೇ ಚಳಿಯನ್ನು ಬಯ್ಯುತ್ತ ಶುರುವಾದ ಗೆಳೆತನ ಇಬ್ಬರೂ ರಿಟೈರಾದ ಮೇಲೂ ಉಳಿಯಿತು. ಲಿಗಾಯ ಅಂದರೆ ಅವರ ಭಾಷೆಯಲ್ಲಿ ಸಂತೋಷ. ನನ್ನನ್ನು ಅವಳು ಕರೆಯುವುದು ‘ಆತೆ’ ಎಂದು. ಮೊದಲ ಸಲ ಕೇಳಿದಾಗ ನನಗೆ ಸಣ್ಣಗೆ ಸಿಟ್ಟೇ ಬಂದಿತ್ತು. ವಯಸ್ಸಿನಲ್ಲಿ ಸ್ವಲ್ಪ ಹಿರಿಯಳಾದ ಮಾತ್ರಕ್ಕೆ ಅತ್ತೆಯಾಗಬೇಕೇ? ಅದರ ಅರ್ಥ ಅಕ್ಕ ಎಂದು ತಿಳಿದದ್ದು ಆಮೇಲೆ.

ಆ ಅಂಗಡಿಯಲ್ಲಿ ಗಾಜಿನ ಹಿಂದೆ ಅಡುಗೆ ಸಾಲಾಗಿ ಇಟ್ಟಿರುತ್ತಾರೆ. ಬೇಕಾದ್ದರ ಕಡೆ ಬೆರಳು ಮಾಡಿದರೆ ಅನ್ನದ ಪಕ್ಕ ಹಾಕಿಕೊಡುತ್ತಾರೆ. ಈ ಪದ್ಧತಿಯ ಹೆಸರೇ ‘ತುರೋ-ತುರೋ’, ತೋರಿಸು ತೋರಿಸು ಎಂದು. ನಮ್ಮ ‘ತೋರು’ ಹಡಗು ಹತ್ತಿ ಅಲ್ಲಿಗೆ ಹೋಗಿರಬೇಕು ಎಂಬುದು ನನ್ನ ಸಂಶೋಧನೆ. ಭಾಷೆ ಬಲ್ಲವರು ಒಪ್ಪುವುದಿಲ್ಲ, ನಾನೂ ಬಿಡುವುದಿಲ್ಲ. ಸಸ್ಯಾಹಾರಿಯಾದ ನಾನು ಬೆರಳು ತೋರಿಸಬಹುದಾದ ಪದಾರ್ಥ ಅಲ್ಲಿ ಬಹಳ ಇಲ್ಲ. ಲಿಗಾಯ ನನ್ನ ಪರವಾಗಿ ಗಲ್ಲಾದ ಹೆಂಗಸಿನೊಡನೆ ವಾದಕ್ಕೆ ನಿಲ್ಲುತ್ತಾಳೆ. ಇದಕ್ಕೆ ಮೀನಿನ ಸಾಸು ಬಿದ್ದಿದೆಯೇ, ಅದನ್ನು ಯಾವ ಎಣ್ಣೆಯಲ್ಲಿ ಕರಿದಿರಿ, ಇದರಲ್ಲಿ ಮೊಟ್ಟೆ ಉಂಟೇ. ವಿಚಾರಣೆಯಲ್ಲಿ ಪಾಸಾದದ್ದು ನನ್ನ ತಟ್ಟೆಗೆ ಬರುತ್ತದೆ. ತೆಳ್ಳನೆಯ ಹಿಟ್ಟಿನ ಹಾಳೆಯಲ್ಲಿ ಸುತ್ತಿ ಸಕ್ಕರೆ ಹಾಕಿ ಕರಿದ ಬಾಳೆಹಣ್ಣು, ಗೋಲಿಯಷ್ಟೇ ದೊಡ್ಡದಿರುವ ಒಂದು ಜಾತಿಯ ನಿಂಬೆಯ ಪಾನಕ, ಗಂಟಲು ಸುಡುವ ಶುಂಠಿ ಕಷಾಯ.

ಡಿಸೆಂಬರ್ ಬಂತೆಂದರೆ ಮಾತ್ರ ನನ್ನದೇ ರಾಜ್ಯ. ಕ್ರಿಸ್ಮಸ್ಸಿಗೆ ಮುಂಚಿನ ದಿನಗಳಲ್ಲಿ ಅವರೂರಿನಲ್ಲಿ ಬೆಳಗಿನ ಜಾವಕ್ಕೇ ಎದ್ದು ಚರ್ಚಿಗೆ ಹೋಗುತ್ತಾರಂತೆ. ಹೊರಗೆ ಬಂದ ಕೂಡಲೇ ಬಾಗಿಲಲ್ಲಿ ಬಿಸಿ ತಿಂಡಿ. ನಮ್ಮ ಧನುರ್ಮಾಸವೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬರುತ್ತದೆ. ನಸುಕಿನಲ್ಲಿ ನಮ್ಮನ್ನು ಎಬ್ಬಿಸುತ್ತಿದ್ದದ್ದು ಭಕ್ತಿಯೋ ಹುಗ್ಗಿಯೋ ಎಂದು ಕೇಳಿದರೆ ನಾನು ಉತ್ತರ ಹೇಳುವುದಿಲ್ಲ. ಅವರ ತಿಂಡಿಯ ಹೆಸರು ‘ಪುತೋ ಬುಂಬೊಂಗ್’. ನೇರಳೆ ಬಣ್ಣದ ಅಕ್ಕಿಹಿಟ್ಟನ್ನು ಬಿದಿರಿನ ಕೊಳವೆಯಲ್ಲಿ ಬೇಯಿಸಿ, ಬಾಳೆಲೆಯ ಮೇಲೆ ತಳ್ಳಿ, ತೆಂಗಿನತುರಿ, ಕಂದು ಸಕ್ಕರೆ ಉದುರಿಸುತ್ತಾರೆ. ಮಂಗಳೂರಿನ ಕಡೆಯವಳಾದ ನನಗೆ ಅದು ಪುಟ್ಟು ಎಂದು ಗುರುತು ಹಿಡಿಯಲು ಯಾರ ಸಹಾಯವೂ ಬೇಕಾಗಲಿಲ್ಲ. ಇನ್ನೊಂದು ‘ಸುಮನ್’. ಅಂಟಕ್ಕಿಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಬಾಳೆಲೆಯಲ್ಲಿ ಸುತ್ತಿದ ಉದ್ದನೆಯ ಕಡುಬು. ನಮ್ಮಲ್ಲಾದರೆ ಗಂಡುಮಕ್ಕಳಿಗೆ ಇಡುವ ಹೆಸರು.

ಹೋದ ವರ್ಷದ ಹಿಂದಿನ ಡಿಸೆಂಬರಿನಲ್ಲಿ ನಮ್ಮ ಯಜಮಾನರಿಗೆ ಎಪ್ಪತ್ತು ತುಂಬಿತು. ಬೆಳಗ್ಗೆ ದೇವಸ್ಥಾನದಲ್ಲಿ ಶಾಂತಿ, ಮಧ್ಯಾಹ್ನ ಮಾರ್ಕಮ್ಮಿನ ನಮ್ಮ ಮನೆಯಲ್ಲಿ ಊಟ. ಲಿಗಾಯಳನ್ನು ಕರೆದಾಗ ಅವಳು, “ಆತೆ, ನಾನು ಸುಮನ್ ತರಲಾ? ಪೂಜೆಯ ದಿನ ಅಂತೀಯ, ತರಬಹುದಾ?” ಎಂದು ಕೇಳಿದಳು. ತಾ ಎಂದೆ. ಆಮೇಲೆ ಎರಡು ಸಲ ಫೋನು ಬಂತು. ಬೆಲ್ಲ ಆಗುತ್ತದಲ್ಲವೇ? ಎಲೆ ಫ್ರೋಜನ್ನಿನದು, ಪರವಾಗಿಲ್ಲವೇ? ಮಾಂಸ ಬೇಯಿಸಿದ ಪಾತ್ರೆ ಬೇಡವೆಂದು ಹೊಸದೊಂದು ಪಾತ್ರೆಯನ್ನೇ ಕೊಂಡಿದ್ದಳು ಎಂದು ತಿಳಿದದ್ದು ಬಹಳ ದಿನಗಳ ಮೇಲೆ, ಅದೂ ಬೇರೆ ಮಾತಿನ ನಡುವೆ.

ಆ ದಿನ ಅವಳು ಜರಿಯಂಚಿನ ಬಿಳಿ ಅಂಗಿ ಹಾಕಿಕೊಂಡು, ಬಟ್ಟೆಯಲ್ಲಿ ಗಂಟು ಕಟ್ಟಿದ ದೊಡ್ಡ ಟ್ರೇ ಹಿಡಿದು ಬಂದಳು. ಅಡುಗೆಮನೆಯ ಉಸ್ತುವಾರಿ ನನ್ನ ನಾದಿನಿ ಸುಮಿತ್ರಾಳದು. ಓಕ್‌ವಿಲ್ಲಿನಲ್ಲಿ ಕೆರೆ ಕಾಣುವ ಮನೆಯವಳು. ಅದನ್ನು ಲೇಕ್ ಎನ್ನಬೇಕಂತೆ, ಕೆರೆ ಎಂದರೆ ಅವಳಿಗೆ ಬೇಜಾರು. ಟ್ರೇಯನ್ನು ಅವಳ ಕೈಗೆ ಕೊಟ್ಟು, “ಇದನ್ನು ಊಟದ ಜೊತೆ ಬಡಿಸು, ಮೊಟ್ಟೆಗಿಟ್ಟೆ ಎಂತದೂ ಇಲ್ಲ” ಎಂದೆ. “ಆಯ್ತು ಅತ್ತಿಗೆ, ನೀವು ಹೋಗಿ, ಫೋಟೋಗೆ ಕರೀತಿದಾರೆ” ಎಂದಳು.

ಊಟ ಮುಗಿಯಿತು. ನಮ್ಮವರೆಲ್ಲ ಗುಂಪಾಗಿ ಕೂತು, ತಾವು ಬಂದ ಹೊಸದರಲ್ಲಿ ಲಂಚ್ ರೂಮಿನಲ್ಲಿ ಡಬ್ಬಿ ಬಿಚ್ಚಿದರೆ ಬಿಳಿಯರು ಹೇಗೆ ಮೂಗು ಮುಚ್ಚಿಕೊಳ್ಳುತ್ತಿದ್ದರು ಎಂಬ ಪುರಾಣಕ್ಕೆ ಶುರುವಿಟ್ಟರು. ಈ ಕಥೆ ನಮ್ಮಲ್ಲಿ ಎಲ್ಲರ ಹತ್ತಿರವೂ ಇದೆ, ನನ್ನ ಹತ್ತಿರವೂ ಇದೆ. ಹೇಳಿ ಹೇಳಿ ಅದಕ್ಕೆ ಒಳ್ಳೆಯ ಹೊಳಪು ಬಂದಿದೆ. ಆಮೇಲೆ ಕೇಕು ಬಂತು. ಶಾಪಿಂಗ್ ಮಾಲಿನ ಬೇಕರಿಯದು, ಮೂರಂತಸ್ತಿನದು. ಬೆಳಗ್ಗೆ ಮಡಿಯುಟ್ಟು ಕಲಶದ ನೀರು ಹುಯ್ಯಿಸಿಕೊಂಡಿದ್ದ ಯಜಮಾನರು ಚಾಕು ಹಿಡಿದು ಕತ್ತರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿ ತಿಂದರು. ಅದರಲ್ಲಿ ಎಷ್ಟು ಮೊಟ್ಟೆ ಒಡೆದಿದ್ದರೋ, ಯಾರೂ ಕೇಳಲಿಲ್ಲ. ಸುಮನ್ ಎಲ್ಲೂ ಕಾಣಲಿಲ್ಲ. ಮುಗಿದುಹೋಗಿರಬೇಕು ಎಂದುಕೊಂಡೆ.

ಲಿಗಾಯ ಹೊರಟಳು. ಜನ ಹೆಚ್ಚಾದ್ದರಿಂದ ಬೂಟುಗಳನ್ನೆಲ್ಲ ಗರಾಜಿನಲ್ಲಿ ಬಿಡಿಸಿದ್ದೆವು. ಅವಳನ್ನು ಕಳಿಸಿಕೊಡಲು ಹಿಂದೆಯೇ ಹೋದೆ. ಬೇಸಿಗೆಯ ಟಯರುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಕಡೆ, ಹಿಮಕ್ಕೆ ಎರಚುವ ಉಪ್ಪಿನ ಚೀಲದ ಪಕ್ಕ, ಅವಳ ಟ್ರೇ ಇತ್ತು. ಬಟ್ಟೆಯ ಗಂಟು ಸಹ ಬಿಚ್ಚಿರಲಿಲ್ಲ.

ಲಿಗಾಯ ಬೂಟಿನೊಳಗೆ ಕಾಲು ತೂರಿಸುತ್ತ ಅದನ್ನೇ ನೋಡಿದಳು. ಆಮೇಲೆ, “ಒಳ್ಳೆಯದಾಯಿತು ಆತೆ, ಇಲ್ಲಿ ತಂಪಿದೆ, ಕೆಡುವುದಿಲ್ಲ” ಎಂದಳು. ನಾವು ಹೇಳಬೇಕಾಗಿದ್ದ ಸುಳ್ಳನ್ನು ನಮಗೆ ಕಷ್ಟವಾಗಬಾರದೆಂದು ಅವಳೇ ಹೇಳಿದ ಹಾಗಿತ್ತು.

“ಒಂದು ನಿಮಿಷ ನಿಲ್ಲು” ಎಂದು ಟ್ರೇ ಎತ್ತಿಕೊಂಡು ಒಳಗೆ ನುಗ್ಗಿದೆ. ಸುಮಿತ್ರಾ ಕೇಕಿನ ತಟ್ಟೆ ಹಿಡಿದು ನಿಂತಿದ್ದಳು.

“ಇದನ್ನು ಯಾಕೆ ಗರಾಜಿನಲ್ಲಿಟ್ಟೆ?”

“ಅಯ್ಯೋ ಅತ್ತಿಗೆ, ಮೆಲ್ಲಗೆ. ಶಾಂತಿ ಮಾಡಿದ ದಿನ ಅಲ್ವಾ? ಯಾವ ಪಾತ್ರೇಲಿ ಮಾಡಿದಾರೋ ಏನೋ. ಹಿರಿಯರು ಬಂದಿದಾರೆ. ಆಮೇಲೆ ನಾವ್ ನಾವೇ ತಿನ್ನೋಣ ಅಂತ ಇಟ್ಟೆ.”

“ಆ ಕೇಕನ್ನು ಯಾವ ಪಾತ್ರೆಯಲ್ಲಿ ಮಾಡಿದ್ದಂತೆ?”

“ಅದು ಬೇಕರೀದಲ್ವಾ” ಎಂದಳು ಸುಮಿತ್ರಾ. ನಿಜವಾಗಿಯೂ ನನ್ನ ಪ್ರಶ್ನೆ ಅವಳಿಗೆ ಅರ್ಥವಾಗಿರಲಿಲ್ಲ.

ಮೇಜಿನ ಮೇಲೆ ಟ್ರೇ ಇಟ್ಟು, ಗಂಟು ಬಿಚ್ಚಿ, ಎಲ್ಲರ ಎದುರು ಒಂದು ಸುಮನ್ ಸುಲಿದು ತಿಂದೆ. ಲಂಚ್ ರೂಮಿನ ಪುರಾಣ ನಿಂತಿತು. ಯಜಮಾನರು ಎದ್ದು ಬಂದು ಒಂದನ್ನು ತೆಗೆದುಕೊಂಡು, “ಚೆನ್ನಾಗಿದೆ” ಎಂದು, ಅಷ್ಟರಲ್ಲೇ ಹವಾಮಾನದ ಮಾತು ತೆಗೆದರು. ಜಗಳವೆಂದರೆ ಅವರಿಗಾಗುವುದಿಲ್ಲ. ಉಳಿದವರು ಹೊಟ್ಟೆ ತುಂಬಿದೆ ಎಂದು ಹೊಟ್ಟೆ ಮುಟ್ಟಿ ತೋರಿಸಿದರು. ನಾನು ಗರಾಜಿಗೆ ಮರಳುವಷ್ಟರಲ್ಲಿ ಲಿಗಾಯಳ ಕಾರು ಹೊರಟುಹೋಗಿತ್ತು.

ಮುಂದಿನ ವಾರ ಅವಳು ಅಂಗಡಿಗೆ ಎಂದಿನ ಹಾಗೆಯೇ ಬಂದಳು. ಬರುತ್ತಾಳೋ ಇಲ್ಲವೋ ಎಂದು ಬಾಗಿಲ ಕಡೆಯೇ ನೋಡುತ್ತ ಕೂತಿದ್ದೆ. ಕ್ಷಮೆ ಕೇಳಲು ಬಾಯಿ ತೆರೆದರೆ ಕೈ ಅಡ್ಡ ಹಿಡಿದಳು. ಶುಂಠಿ ಕಷಾಯ ಕುಡಿಯುತ್ತ, ತಾನು ಈ ದೇಶಕ್ಕೆ ಬಂದ ಹೊಸದರ ಮಾತು ಹೇಳಿದಳು. ನರ್ಸಿನ ಪರೀಕ್ಷೆ ಕಟ್ಟುವ ಮೊದಲು ದೊಡ್ಡ ಮನೆಯೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತ ಅಲ್ಲೇ ಇದ್ದಳಂತೆ. ಒಣಮೀನಿನ ವಾಸನೆ ಯಾರಿಗೂ ಹಿಡಿಸದ್ದರಿಂದ ಅವಳ ಊಟ ಬಟ್ಟೆ ಒಗೆಯುವ ಕೋಣೆಯಲ್ಲಿ.

“ಆ ಮನೆಯ ಅಮ್ಮ ಒಳ್ಳೆಯವರೇ, ಆತೆ. ನಾನು ಮೆಷಿನಿನ ಮೇಲೆ ತಟ್ಟೆಯಿಟ್ಟು ತಿನ್ನುವುದನ್ನು ನೋಡಿ ಅಯ್ಯೋ ಅಂದರು. ಮರುದಿನ ಒಂದು ಸಣ್ಣ ಮೇಜು ತಂದುಕೊಟ್ಟರು, ಆ ಕೋಣೆಗೆ.”

ಅವಳು ನಕ್ಕಳು. ನನಗೆ ನಗಲಾಗಲಿಲ್ಲ. ಜಗತ್ತಿನಲ್ಲಿ ಕೆಟ್ಟವರ ಕಾಟ ಹೇಗೋ ತಡೆಯಬಹುದು. ಒಳ್ಳೆಯವರು ತಂದುಕೊಡುವ ಸಣ್ಣ ಮೇಜುಗಳನ್ನು ಏನು ಮಾಡುವುದು? ಅಂದಿನಿಂದ ಅವಳನ್ನು ಎಷ್ಟೋ ಸಲ ಮನೆಗೆ ಕರೆದಿದ್ದೇನೆ. “ಅಂಗಡಿಯಲ್ಲೇ ಸಿಗೋಣ, ನಿನಗೆ ಪಾತ್ರೆ ತೊಳೆಯುವ ಕೆಲಸ ತಪ್ಪುತ್ತದೆ” ಎನ್ನುತ್ತಾಳೆ. ಮನೆಯೂಟದ ಮಹಿಮೆಯನ್ನು ಎಲ್ಲರೂ ಹಾಡಿದ್ದಾರೆ. ಅಂಗಡಿಯ ಊಟದ ಗುಣವನ್ನು ಯಾರೂ ಹೇಳಿದ ಹಾಗಿಲ್ಲ: ಅಲ್ಲಿ ಯಾರ ದೊಡ್ಡತನದ ಮುಂದೆಯೂ ಕೂತು ತಿನ್ನಬೇಕಿಲ್ಲ.

ಈ ಕಳೆದ ಶರತ್ಕಾಲದಲ್ಲಿ ಸುಮಿತ್ರಾಳ ಫೋನು ಬಂತು. ಅವಳ ಅತ್ತೆಗೆ ಮರೆವಿನ ಕಾಯಿಲೆ ಜೋರಾಗಿತ್ತು. ಮೈಸೂರಿನಲ್ಲಿದ್ದಾಗ ಹೊರಗಿನ ನೀರನ್ನೂ ಮುಟ್ಟದ ಹೆಂಗಸು.

“ಅತ್ತಿಗೆ, ನಿಮ್ಮ ಫಿಲಿಪಿನೋ ಫ್ರೆಂಡ್ ಇದಾರಲ್ಲ, ಅವರ ಕಡೆ ಯಾರಾದ್ರೂ ಕೇರ್‌ಗಿವರ್ ಸಿಗ್ತಾರಾ ಕೇಳ್ತೀರಾ? ಅವರು ಭಾಳ ಕ್ಲೀನು, ಪ್ರೀತಿಯಿಂದ ನೋಡ್ಕೋತಾರೆ ಅಂತಾರೆ. ಸ್ನಾನ ಮಾಡಿಸೋದು, ಊಟ ಮಾಡಿಸೋದು ಎಲ್ಲಾ ಅವರೇ.”

ಕೇಳುವುದಿಲ್ಲ ಎಂದು ಹೇಳಿಬಿಡಬೇಕು ಅನ್ನಿಸಿತು. ಆದರೆ ಕಾಯಿಲೆ ಬಿದ್ದದ್ದು ಸುಮಿತ್ರಾಳಲ್ಲ, ಆ ಮುದುಕಿ. ಲಿಗಾಯಳಿಗೆ ಹೇಳಿದೆ. ಮಾರಿಸೆಲ್ ಎಂದು ಅವಳ ಸಂಬಂಧದ ಹುಡುಗಿಯೊಬ್ಬಳಿಗೆ ಕೆಲಸ ಬೇಕಾಗಿತ್ತು.

“ಒಂದನ್ನು ಮಾತ್ರ ಕೇಳಿ ಹೇಳು, ಆತೆ. ಅವಳು ಊಟ ಎಲ್ಲಿ ಮಾಡಬೇಕು?”

ನಾನು ಸುಮಿತ್ರಾಳಿಗೆ ಅದನ್ನೇ ಕೇಳಿದೆ. “ಡೈನಿಂಗ್ ಟೇಬಲಲ್ಲೇ. ಇದೇನತ್ತಿಗೆ, ಹೀಗೂ ಕೇಳ್ತಾರಾ?” ಎಂದು ಅವಳಿಗೆ ನೋವಾಯಿತು. ಆ ನೋವಂತೂ ನಿಜವಾದದ್ದೇ. ಮಾರಿಸೆಲ್ ಕೆಲಸಕ್ಕೆ ಸೇರಿದಳು.

ಮೊನ್ನೆ ಕ್ರಿಸ್ಮಸ್ ರಜೆಯಲ್ಲಿ ಓಕ್‌ವಿಲ್ಲಿಗೆ ಹೋಗಿದ್ದೆ. ಕಿಟಕಿಯ ಬಳಿ ಮಾರಿಸೆಲ್ ಮೊಸರನ್ನ ಕಲಸಿ, ಅಜ್ಜಿಗೆ ಸಣ್ಣ ಸಣ್ಣ ತುತ್ತು ಮಾಡಿ ಉಣಿಸುತ್ತಿದ್ದಳು. ಚಮಚ ತಂದರೆ ಅಜ್ಜಿ ಬಾಯಿ ತೆರೆಯುವುದಿಲ್ಲವಂತೆ, ಕೈಯೇ ಆಗಬೇಕು. ನಾಲ್ಕು ತುತ್ತು ನುಂಗಿದ ಮೇಲೆ ಅಜ್ಜಿ ಅವಳ ಮಣಿಕಟ್ಟು ಹಿಡಿದು, “ನಿಂದು ಊಟ ಆಯ್ತೇನೇ ಮಗಾ?” ಎಂದು ಕೇಳಿದರು.

ಸುಮಿತ್ರಾ ನನ್ನ ಕಡೆ ತಿರುಗಿ ಮೆಲ್ಲಗೆ, “ನೋಡಿ, ಪಾಪ, ಅವರಿಗೆ ಏನೂ ನೆನಪಿಲ್ಲ” ಎಂದಳು.

ಮಗ, ಮನೆ, ಊರು, ಮಡಿ, ಎಲ್ಲ ಹೋದ ಮೇಲೆ ಆ ಹೆಂಗಸಿನಲ್ಲಿ ಉಳಿದದ್ದು ಇದೊಂದು ಪ್ರಶ್ನೆ. ನಮಗೆ ಎಲ್ಲವೂ ನೆನಪಿದೆ, ಅದೇ ನಮ್ಮ ಕಾಯಿಲೆ. ಮಾರಿಸೆಲ್‌ಗೆ ಕನ್ನಡ ಬಾರದು. ಇನ್ನೂ ಬೇಕು ಎನ್ನುತ್ತಿದ್ದಾರೆ ಎಂದುಕೊಂಡು ಮತ್ತೊಂದು ತುತ್ತು ಕಲಸಿದಳು.