ಟೀಚರ್ ತಲೆಗೆ ಎರಡು ಜಡೆ

ಕಳೆದ ವಾರ ಭಾಲ್ಕಿ ಬಸ್ ಸ್ಟ್ಯಾಂಡ್ ಎದುರಿನ ಬಳೆ ಅಂಗಡಿಯಲ್ಲಿ ಮಗಳ ಶಾಲೆಗೆಂದು ಕೆಂಪು ರಿಬ್ಬನ್ ಕೊಂಡೆ. ಮರುದಿನ ಬೆಳಿಗ್ಗೆ ಅವಳನ್ನು ಮುಂದೆ ಕೂಡಿಸಿಕೊಂಡು ಸುರುಳಿ ಬಿಚ್ಚಿದರೆ ಹೊಸ ಬಟ್ಟೆಯ ಗಂಜಿ ವಾಸನೆ. ಅವಳ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ವಾಸನೆಯೂ ಅದಕ್ಕೆ ಸೇರಿತು. ಬಾಚಣಿಗೆ ಹಿಡಿದ ಕೈ ಅಲ್ಲೇ ನಿಂತಿತು. ನನ್ನ ಟೀಚರ್ ನೆನಪಾದರು...

ಠಾಣಾ ಕುಶನೂರಿನ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು ಅವರು. ಅವ್ವ ಬೆಳಕು ಹರಿಯುವ ಮೊದಲೇ ತೊಗರಿ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ನಾನು ಕೆದರಿದ ತಲೆಯಲ್ಲೇ ಶಾಲೆಗೆ ಹಾಜರಾಗುತ್ತಿದ್ದೆ. ಬೇರೆಯವರಾಗಿದ್ದರೆ ಮನೆಗೆ ಅಟ್ಟುತ್ತಿದ್ದರೇನೋ. ಇವರು ಪ್ರಾರ್ಥನೆಗೆ ಮೊದಲು ಮೆಟ್ಟಿಲ ಮೇಲೆ ಕೂಡಿಸಿಕೊಂಡು, ಎರಡು ಜಡೆ ಹೆಣೆದು, ಮಡಚಿ ರಿಬ್ಬನ್ ಕಟ್ಟುತ್ತಿದ್ದರು. ಎಷ್ಟು ಬಿಗಿಯೆಂದರೆ ನನ್ನ ಹುಬ್ಬು ಮೇಲೇರಿ, ಸಂಜೆಯ ತನಕ ಏನೋ ಕಂಡು ಬೆರಗಾದವಳ ಹಾಗೆ ತಿರುಗಾಡುತ್ತಿದ್ದೆ. ಗಂಟು ಬಿದ್ದ ಮೇಲೆ ನೆತ್ತಿಯ ಮೇಲೆ ಮೆಲ್ಲಗೆ ಒಂದು ಏಟು. "ಆತವ್ವ, ಏಳಿನ್ನ," ಎನ್ನುತ್ತಿದ್ದರು. ಅದಾಗದೆ ನಾನು ಏಳುತ್ತಲೇ ಇರಲಿಲ್ಲ.

ಮುಂದೆ ನಾನು ನರ್ಸ್ ಆಗಿ ಬೀದರಿನ ಆಸ್ಪತ್ರೆಯೊಂದಕ್ಕೆ ಸೇರಿದೆ. ಕೊರೊನಾದ ಎರಡನೆಯ ಅಲೆಯಲ್ಲಿ ಔರಾದದಿಂದ ಬಂದ ಆಂಬುಲೆನ್ಸಿನಿಂದ ಅವರನ್ನು ಇಳಿಸಿ ಐಸಿಯುಗೆ ತಂದರು. ನಾನು ಗುರುತು ಹಿಡಿದೆ, ಅವರು ಹಿಡಿಯಲಿಲ್ಲ. ಪಿಪಿಇ ಕಿಟ್ ಹಾಕಿಕೊಂಡ ನಮ್ಮನ್ನು ಹೆತ್ತವರೂ ಗುರುತಿಸುತ್ತಿರಲಿಲ್ಲ, ಅದಕ್ಕೇ ಎದೆಯ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆವು. ಟೀಚರ್ ಅದನ್ನು ಓದಿದರು. ಆಕ್ಸಿಜನ್ ಮಾಸ್ಕಿನೊಳಗಿಂದ, ಏದುಸಿರಿನ ನಡುವೆಯೇ, ನನ್ನ ಅಕ್ಷರ ಇನ್ನೂ ಸುಧಾರಿಸಿಲ್ಲವೆಂದು ಬೈದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಆದರೆ ಆಕ್ಸಿಜನ್ ಸಾಲದಾಯಿತು. ವೆಂಟಿಲೇಟರ್ ಹಾಕಲೇಬೇಕೆಂದರು ಡಾಕ್ಟರು. ಆ ಹೆಸರೆತ್ತಿದರೆ ಸಾಕು, ಮನೆಯವರು ಕೈಮುಗಿದು ಬೇಡ ಎನ್ನುತ್ತಿದ್ದ ಕಾಲ ಅದು. ಮಷಿನ್ ಹಚ್ಚಿದವರು ತಿರುಗಿ ಬರುವುದಿಲ್ಲವೆಂಬ ಮಾತು ಊರೂರಿಗೆ ಹಬ್ಬಿತ್ತು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಟೀಚರ್ ನನ್ನ ಕೈಗವಸು ಹಿಡಿದುಕೊಂಡರು.

"ಮಷಿನ್ ಹಚ್ಚಿದೋರು ಮನಿಗಿ ಹೋಗ್ತಾರೇನವ್ವ? ಖರೇ ಹೇಳು."

"ಎಲ್ಲಾರೂ ಹೋಗಲ್ರಿ ಟೀಚರ್. ಕೆಲವರು ಹೋಗ್ಯಾರ. ನಾನೇ ಬಾಗಿಲತನ ಬಿಟ್ಟು ಬಂದೇನಿ."

ಅವರು ನನ್ನ ಕೈಗವಸು ಬಿಟ್ಟರು. "ಹಂಗಾರ ಹಚ್ರಿ," ಎಂದರು. ಅವರ ದನಿ ನಾನು ಕೇಳಿದ್ದು ಅದೇ ಕೊನೆ.

ಶ್ವಾಸಕೋಶಕ್ಕೆ ಗಾಳಿ ಹೋಗಲೆಂದು ಮತ್ತಿನ ಔಷಧಿ ಕೊಟ್ಟು ರೋಗಿಗಳನ್ನು ಬೋರಲಾಗಿ ಮಲಗಿಸುತ್ತಿದ್ದೆವು. ಟೀಚರ್ ಕೂದಲು ಉದ್ದ. ತಿರುಗಿಸುವಾಗಲೆಲ್ಲ ನಳಿಗೆಗಳಿಗೆ ಸಿಕ್ಕಿಕೊಳ್ಳುತ್ತಿತ್ತು. ಕತ್ತರಿಸಿಬಿಡೋಣ ಎಂದರು ಯಾರೋ. ನಾನು ಒಪ್ಪಲಿಲ್ಲ, ಜಗಳಕ್ಕೇ ನಿಂತೆ. ಬಾಚಿ, ಎರಡು ಜಡೆ ಹೆಣೆದು, ಮಡಚಿ, ರಿಬ್ಬನ್ ಇಲ್ಲದ್ದಕ್ಕೆ ಗಾಯಕ್ಕೆ ಸುತ್ತುವ ಬಟ್ಟೆಯ ಪಟ್ಟಿ ಕಟ್ಟಿದೆ. ಅರವತ್ತು ದಾಟಿದ ಟೀಚರ್, ಶಾಲೆಗೆ ಹೊರಟ ಹುಡುಗಿಯ ಹಾಗೆ ಕಂಡರು. ನೆತ್ತಿ ಮೆಲ್ಲಗೆ ತಟ್ಟಿದೆ. "ಆತ್ರಿ ಟೀಚರ್, ಏಳ್ರಿನ್ನ," ಎಂದೆ. ಪ್ರತಿ ಡ್ಯೂಟಿಯಲ್ಲೂ ಬಿಚ್ಚಿ ಬಾಚಿ ಕಟ್ಟುತ್ತಿದ್ದೆ, ಅದನ್ನೇ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಮತ್ತಿನ ಔಷಧಿ ಕಡಿಮೆ ಮಾಡಿದಾಗ ಅವರ ಕೈ ನಿಧಾನವಾಗಿ ಮೇಲೆದ್ದಿತು. ನಳಿಗೆ ಕಿತ್ತಾರು ಎಂದು ನಾನು ಓಡಿದೆ. ಕೈ ಜಡೆಯ ಹತ್ತಿರ ಹೋಯಿತು. ಬೆರಳುಗಳು ಗಂಟನ್ನು ಮುಟ್ಟಿ ನೋಡಿದವು, ಬಿಗಿ ಇದೆಯೋ ಇಲ್ಲವೋ ಎಂಬಂತೆ... ಅವರ ಕಣ್ಣಂಚು ಒದ್ದೆಯಾಯಿತು. ಗೆದ್ದೆವು ಅಂದುಕೊಂಡೆ. ಔರಾದದಲ್ಲಿದ್ದ ಅವರ ಮಗಳಿಗೆ ಫೋನಿನಲ್ಲಿ ಹಾಗೆಯೇ ಹೇಳಿದೆ ಕೂಡ.

ಆ ವಾರವೇ ಮೂತ್ರಪಿಂಡಗಳು ಕೈಕೊಟ್ಟವು, ಆಮೇಲೆ ಹೃದಯ. ಮಷಿನ್ ಮಾತ್ರ ಕೊನೆಯವರೆಗೂ ತನ್ನ ಕೆಲಸ ಮಾಡಿತು.

ಟೀಚರ್ ಮಗಳಿಗೆ ಹತ್ತಿರ ಬರುವಂತಿರಲಿಲ್ಲ. ಅವಳು ಫೋನಿನಲ್ಲಿ ಒಂದೇ ಮಾತು ಕೇಳಿದಳು. "ಅವ್ವನ ತಲಿ ಯಾರರ ಬಾಚಿದ್ರೇನ್ರಿ ಸಿಸ್ಟರ್?"

"ನಾ ಬಾಚೇನ್ರಿ," ಎಂದೆ.

ದೇಹಕ್ಕೆ ಬಟ್ಟೆ ಸುತ್ತುವ ಮೊದಲು ಜಡೆ ಬಿಚ್ಚಿ, ಅವರು ಶಾಲೆಗೆ ಬರುವಾಗ ಹಾಕಿಕೊಳ್ಳುತ್ತಿದ್ದಂಥ ತುರುಬು ಕಟ್ಟಿದೆ. ಟೀಚರ್ ಆಗಿಯೇ ಹೋಗಲಿ ಎನಿಸಿತು. ಅವತ್ತು ನೆತ್ತಿ ತಟ್ಟಲಿಲ್ಲ.

ಈಗಲೂ ಐಸಿಯುಗೆ ಉದ್ದ ಕೂದಲಿನವರು ಬಂದರೆ ನಾನೇ ಜಡೆ ಹೆಣೆಯುತ್ತೇನೆ. ಕೆಲವರು ಏಳುತ್ತಾರೆ. ಅವರನ್ನು ಬಾಗಿಲ ತನಕ ಬಿಟ್ಟು ಬರುವಾಗ ಖುಷಿಯಾಗುತ್ತದೆ, ಜೊತೆಗೆ ಟೀಚರ್ ನೆನಪೂ ಆಗುತ್ತದೆ.

"ಅವ್ವಾ, ಹೊತ್ತಾತು," ಎಂದಳು ಮಗಳು. ರಿಬ್ಬನ್ ಬಿಗಿದು, ನೆತ್ತಿ ತಟ್ಟಿ, "ಆತವ್ವ, ಏಳಿನ್ನ," ಎಂದೆ. ಅವಳು ಥಟ್ಟನೆ ಎದ್ದು, ಚೀಲ ಏರಿಸಿಕೊಂಡು ಬೀದಿಗೆ ಓಡಿದಳು. ನನಗೆ ಏಳಲು ಸ್ವಲ್ಪ ಹೊತ್ತು ಬೇಕಾಯಿತು.