ಗುಂಯ್ಗುಡುವ ಗಿಟಾರು

ಅಣ್ಣನ ಬಲಗೈಯ ತೋರುಬೆರಳು, ನಡುಬೆರಳುಗಳ ತುದಿಗಳು ಹುಣಸೆಬೀಜದ ಹಾಗೆ ಗಟ್ಟಿಯಾಗಿ, ಕಂದಾಗಿ, ನುಣ್ಣಗೆ ಹೊಳೆಯುತ್ತಿದ್ದವು. ಆ ಮಧ್ಯಾಹ್ನ ಹುಣಸೂರಿನ ಅವರ ಅಂಗಡಿಯಲ್ಲಿ ನಾವು ಐದು ಜನ ಇದ್ದೆವು. ಬಿಚ್ಚಿಟ್ಟ ಪಂಪ್‌ಸೆಟ್ ಮೋಟರಿನ ಹಿಂದೆ ಅವರು. ಆ ಮೋಟರಿಗಾಗಿ ಬೆಳಿಗ್ಗೆಯಿಂದ ಕಾದು ಕೂತಿದ್ದ ಗಾವಡಗೆರೆಯ ರೈತರೊಬ್ಬರು. ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದ ಅಣ್ಣನ ಹೆಂಡತಿ. ನಮ್ಮ ಆರ್ಕೆಸ್ಟ್ರಾದ ಯಜಮಾನ, ಕೀಬೋರ್ಡ್ ನುಡಿಸುವವನೂ ಅವನೇ. ಮತ್ತೆ ಕಾರ್ಯಕ್ರಮಗಳಲ್ಲಿ ಮೈಕು ಹಿಡಿದು ನಿರೂಪಣೆ ಮಾಡುವ ನಾನು. ಯಜಮಾನನ ತೊಡೆಯ ಮೇಲೆ ಉದ್ದನೆಯ ರಟ್ಟಿನ ಪೆಟ್ಟಿಗೆ ಇತ್ತು. ಅದರೊಳಗೆ ಹೊಚ್ಚ ಹೊಸ ಬೇಸ್ ಗಿಟಾರು.

"ಅಣ್ಣಾ, ಒಂದ್ಸಲ ಕೈಲಿ ಇಡ್ಕಂಡ್ ನೋಡಿ. ಸೌಂಡು ಕ್ಲೀನ್ ಅಂದ್ರೆ ಕ್ಲೀನು," ಅಂದ ಯಜಮಾನ.

ಅವರು ಕೈ ಒರೆಸಿಕೊಂಡು ತೆಗೆದುಕೊಂಡರು. ನುಡಿಸಲಿಲ್ಲ. ಮೂಗಿನ ಹತ್ತಿರ ತಂದು ಮೂಸಿದರು.

"ಪೈಂಟ್ ವಾಸ್ನೆ ಒಡೀತದೆ ಕಣ್ಲಾ. ಇದಿನ್ನೂ ಅಂಗ್ಡೀಲೇ ಅದೆ, ಮನೆಗ್ ಬಂದಿಲ್ಲ."

ರೈತರು ಬಾಯಿ ಹಾಕಿದರು. "ನನ್ ಮೋಟ್ರುನೂ ಒಸಿ ಅಂಗೇ ಮೂಸ್ ನೋಡಿ ಸ್ವಾಮೀ. ಗದ್ದೆಗ್ ನೀರ್ ಬುಡ್ಬೇಕು."

ಎಲ್ಲರೂ ನಕ್ಕೆವು. ನಗುವಿನಲ್ಲೇ ಗಿಟಾರು ಪೆಟ್ಟಿಗೆಗೆ ವಾಪಸಾಯಿತು. ನಾವು ಬಂದ ಕೆಲಸ ಕೆಟ್ಟಿತು.

ಅವರನ್ನು ನಾವೆಲ್ಲ ಬೇಸ್ ಅಣ್ಣ ಎನ್ನುತ್ತಿದ್ದೆವು. ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವುದು ಅವರ ಕಸುಬು. ಕಾರ್ಯಕ್ರಮ ಇದ್ದ ದಿನ ಅಂಗಡಿಗೆ ಬೀಗ. ಹುಣಸೂರು, ಕೋಟೆ, ಕೆ.ಆರ್. ನಗರ, ಪಿರಿಯಾಪಟ್ಟಣ, ಈ ನಾಲ್ಕು ತಾಲ್ಲೂಕಿನಲ್ಲಿ ಅವರು ನಿಂತು ನುಡಿಸದ ಪೆಂಡಾಲಿರಲಿಲ್ಲ. ಬೇಸ್ ಗಿಟಾರು ಅಂದರೆ ನಾಲ್ಕೇ ದಪ್ಪ ತಂತಿಯ ವಾದ್ಯ. ಜನ ಗಾಯಕನನ್ನು ಕೇಳುತ್ತಾರೆ, ಕೊಳಲನ್ನು ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ. ಆದರೆ ಇದು ಇಲ್ಲದಿದ್ದರೆ ಹಾಡಿಗೆ ಕಾಲೇ ಇಲ್ಲ. "ಯಾರ್ ಬಿದ್ರೂ ಬೇಸ್ ನಿಲ್ಬಾರ್ದು" ಅನ್ನುವುದು ಅವರ ಒಂದೇ ವೇದಾಂತ. ಒಮ್ಮೆ ಕೋಟೆಯ ಒಂದು ಮದುವೆಯಲ್ಲಿ ಗಾಯಕ ಸಾಲು ಮರೆತು, ಡ್ರಮ್ಮಿನವನು ತಾಳ ತಪ್ಪಿಸಿ, ಎಲ್ಲರೂ ಮುಖ ಮುಖ ನೋಡುತ್ತಿದ್ದಾಗ ಇವರು ಎರಡೇ ಸ್ವರವನ್ನು ಬಿಡದೆ ಮೀಟುತ್ತಾ ನಿಂತರು. ಒಬ್ಬೊಬ್ಬರೇ ಬಂದು ಆ ಎರಡು ಸ್ವರಕ್ಕೆ ಜೋತುಬಿದ್ದರು. ತಪ್ಪಿದ್ದು ಸಭೆಗೆ ಗೊತ್ತೇ ಆಗಲಿಲ್ಲ.

ಅವರ ಹತ್ತಿರ ಮೂರು ಬೇಸ್ ಗಿಟಾರುಗಳಿದ್ದವು, ಮೂರೂ ಹಳೆಯವು. ಅಂಗಡಿಯ ಗೋಡೆಯಲ್ಲಿ ತಾಮ್ರದ ಸುರುಳಿಗಳ ಪಕ್ಕ ನೇತಾಡುತ್ತಿದ್ದವು. ಪಿಟೀಲಿನ ಆಕಾರದ್ದು ಮಡಿಕೇರಿಯ ಕಡೆ ಕ್ಲಬ್ಬೊಂದರ ಬ್ಯಾಂಡಿನವರು ಮುದುಕರಾದ ಮೇಲೆ ಬಿಟ್ಟುಕೊಟ್ಟದ್ದು. ಇನ್ನೊಂದು ಕಲ್ಕತ್ತೆಯ ಕಡೆಯ ಯಾವನೋ ಬಡಗಿ ವಿದೇಶದ್ದನ್ನು ನೋಡಿಕೊಂಡು ಮಾಡಿದ್ದು. ಎತ್ತಿದರೆ ಒನಕೆಯ ತೂಕ. ಮೂರನೆಯದು ಜಪಾನಿನದು, ಬೀಟ್‌ರೂಟ್ ಬಣ್ಣದ್ದು. ಕೊಪ್ಪದಲ್ಲಿ ಸ್ವೆಟರ್ ಮಾರುವ ಟಿಬೆಟನ್ನರೊಬ್ಬರಿಂದ ಸಿಕ್ಕಿದ್ದು. ಬಂದಾಗ ಅದು ಮೂಗಿ. ತಂತಿಯ ಕೆಳಗೆ ಅಯಸ್ಕಾಂತಕ್ಕೆ ತಾಮ್ರ ಸುತ್ತಿದ ಪಿಕಪ್ ಅಂತ ಒಂದಿರುತ್ತದಲ್ಲ, ದನಿ ಹಿಡಿಯುವುದು ಅದೇ, ಅದು ಕಡಿದುಹೋಗಿತ್ತು. ಅಣ್ಣ ಮೋಟರಿಗೆ ಸುತ್ತುವ ಅದೇ ಕೈಯಂತ್ರದಲ್ಲಿ, ಕೂದಲಿಗಿಂತ ಸಣ್ಣ ತಂತಿಯನ್ನು ಹುಡುಕಿ ತಂದು, ಒಂದು ವಾರ ಕೂತು ಸುತ್ತಿದರು. ತಂತಿ ತುಂಡಾದಾಗಲೆಲ್ಲ ಮೊದಲಿಂದ. ದನಿ ಬಂದ ದಿನ ಬೀದಿಯವರಿಗೆಲ್ಲ ಕಾಫಿ ಕೊಡಿಸಿದರಂತೆ.

ಅಂದಿನಿಂದ ಕಾರ್ಯಕ್ರಮಕ್ಕೆ ಬರುತ್ತಿದ್ದುದು ಅದೊಂದೇ. ಅದರ ತಂತಿಗಳನ್ನು ಅವರು ಬದಲಾಯಿಸುತ್ತಿರಲಿಲ್ಲ. ದನಿ ಮಂಕಾದರೆ ಬಿಚ್ಚಿ, ಒಂದು ಹಳೇ ತಪ್ಪಲೆಯಲ್ಲಿ ನೀರಿಗೆ ಹಾಕಿ ಕುದಿಸುತ್ತಿದ್ದರು. ಬೆವರು, ಕೊಳೆ ಬಿಟ್ಟು ತಂತಿಗೆ ಮತ್ತೆ ಜೀವ ಬರುತ್ತದೆ. "ಬನ್ನಿ ಬನ್ನಿ, ಇವತ್ತು ಕಂಬಿ ಸಾರು," ಎಂದು ಅವರ ಹೆಂಡತಿ, ನಮ್ಮ ಅತ್ತಿಗೆ, ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು.

ಒಂದೇ ಐಬು. ದನಿ ಹಿಗ್ಗಿಸುವ ಆಂಪಿಗೆ ಸಿಕ್ಕಿಸಿದ ತಕ್ಷಣ ಆ ಗಿಟಾರು ಗುಂಯ್ ಎನ್ನುತ್ತಿತ್ತು. ತಂತಿಯ ಮೇಲೆ ಅಂಗೈ ಇಟ್ಟರೆ ಸುಮ್ಮನಾಗುತ್ತಿತ್ತು. ಕೈ ತೆಗೆದರೆ ಮತ್ತೆ ಗುಂಯ್.

"ಅದು ಉಸ್ರು ಕಣ್ಲಾ," ಅನ್ನುತ್ತಿದ್ದರು. "ಮಗೀನಂಗೆ. ಎದೆ ಮ್ಯಾಲೆ ಕೈ ಇಟ್ರೆ ಮಲೀಕತದೆ."

ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದವರೂ ಅವರೇ. ಬಿಳಿಕೆರೆಯ ಗಣಪತಿ ಪೆಂಡಾಲಿನಲ್ಲಿ ನಾನು ಯಾರದೋ ಬದಲಿಗೆ ನಾಲ್ಕು ಮಾತಾಡಿದ್ದನ್ನು ಕೇಳಿ, ನನ್ನಜ್ಜಿಯಿಂದ ಕಲಿತ ಒಂದೆರಡು ಗಾದೆಗೆ ಮಾರುಹೋಗಿ, ತಂಡಕ್ಕೆ ಎಳೆದುಕೊಂಡು ಬಂದರು. ಮೊದಲ ದಿನವೇ ಹೇಳಿದ್ದರು. "ಮೈಕು ಎಲ್ಲಾನೂ ದೊಡ್ಡದ್ ಮಾಡ್ತದೆ. ಅದರ್ ಮುಂದೆ ಸುಳ್ ಯೋಳ್ಬೇಡ. ಸುಳ್ಳೂ ದೊಡ್ಡದಾಯ್ತದೆ."

ಹೊಸ ಗಿಟಾರನ್ನು ಅವರು ಮೂಸಿ ವಾಪಸು ಕೊಟ್ಟ ಮಾರನೆಯ ವಾರ, ಮೈಸೂರಿನ ಒಂದು ಕಾರ್ಯಕ್ರಮಕ್ಕೆ ಹೋಗುವ ದಾರಿಯಲ್ಲಿ ಬಿಳಿಕೆರೆಯಲ್ಲಿ ಟೀಗೆ ನಿಂತೆವು. ಅಣ್ಣ ವ್ಯಾನಿನಲ್ಲೇ ನಿದ್ದೆಹೋಗಿದ್ದರು. ಸೌಂಡ್ ಸಿಸ್ಟಮ್ಮಿನವನು ಮಾತು ತೆಗೆದ.

"ಆ ಅಳೇ ಗಿಟಾರಿನ್ ಲೈನ್ ತಗಂಡ್ರೆ ನನ್ ಹೊಸ ಬಾಕ್ಸೆಲ್ಲಾ ಜೇನುಗೂಡಾಯ್ತವೆ. ಪಾರ್ಟಿಯೋರು ಉಗಿಯೋದು ನಂಗೆ."

"ಬುಟ್ಬುಡಣಾ ಅವರ್ನ?" ಅಂದ ಯಜಮಾನ. ಅವನ ಮುಖವೂ ಸಪ್ಪಗಿತ್ತು. ಕೆಟ್ಟವನಲ್ಲ ಅವನು.

ಆಗ ಬಾಯಿಬಿಟ್ಟವನು ನಾನು. ಯಾರೂ ನನ್ನನ್ನು ಕೇಳಿರಲಿಲ್ಲ. "ಬ್ಯಾಡ ಕಣ್ರಪ್ಪಾ, ನೋವ್ ಮಾಡ್ಕತಾರೆ. ಲ್ಯಾಪ್‌ಟಾಪಲ್ಲಿ ರೆಕಾರ್ಡಾಗಿರೋ, ಬೇಸಿರೋ ಟ್ರ್ಯಾಕನ್ನೇ ಹಾಕು. ಅವರ ಲೈನ್ ಮಿಕ್ಸರ್‌ಗೆ ಬರ್ಲಿ, ನೀನು ಮುಂದಿನ್ ಬಾಕ್ಸಿಗ್ ಬುಡ್ಬೇಡ, ಅಷ್ಟೆ. ಇಂದ್ಗಡೆ ಅವರದೇ ಆಂಪ್ ಇರ್ತದಲ್ಲ, ಅವರಿಗ್ ಕೇಳಿಸ್ತಿರ್ತದೆ."

ಅಷ್ಟೇ ಆಯಿತು. ಟ್ರ್ಯಾಕಿನಲ್ಲಿ ಕೊಳಲು, ಪಿಟೀಲು ಮಾತ್ರ ಇದೆ, ಬೇಸ್ ನಿಮ್ಮದೇ ಎಂದು ಅವರಿಗೆ ನಾನೇ ಹೇಳಿದೆ. ಎರಡು ವರ್ಷ ಅಣ್ಣ ಒಂದು ಸ್ವರ ತಪ್ಪಿಸದೆ ನುಡಿಸಿದರು. ಮುಂದಿನ ಸ್ಪೀಕರ್ ಡಬ್ಬಗಳಿಂದ ಏಳುತ್ತಿದ್ದ ಗುಡುಗನ್ನು ತಮ್ಮದೇ ಎಂದುಕೊಂಡರು. ಪ್ರತಿ ಕಾರ್ಯಕ್ರಮದ ಕೊನೆಗೆ ನಾನು ಅವರ ಹೆಸರು ಕೂಗಿ, "ಜೋರು ಚಪ್ಪಾಳೆ ಬರಲಿ" ಅನ್ನುತ್ತಿದ್ದೆ. ಬರುತ್ತಿತ್ತು. ಅವರು ಕೆಂಪು ಗಿಟಾರನ್ನು ಸ್ವಲ್ಪ ಮೇಲೆತ್ತಿ ಕೈಮುಗಿಯುತ್ತಿದ್ದರು. ವ್ಯಾನಿನಲ್ಲಿ ಬರುವಾಗ, "ಅಳೇದು ಅಂತಿದ್ರಲ್ಲಾ, ಎಂಗ್ ಎದೆಗ್ ಒದೀತು ನೋಡುದ್ರಾ?" ಎಂದು ನಮ್ಮನ್ನೇ ಕೇಳುತ್ತಿದ್ದರು. ನಾವು ಹೂಂಗುಟ್ಟುತ್ತಿದ್ದೆವು.

ಹೋದ ವರ್ಷಕ್ಕೆ ಮುಂಚಿನ ಬೇಸಿಗೆ. ಪಿರಿಯಾಪಟ್ಟಣದ ಹತ್ತಿರ ಒಂದು ಹಳ್ಳಿಯಲ್ಲಿ ಬೀಗರೂಟ. ಸುಡುಬಿಸಿಲು. ಶಾಮಿಯಾನದ ಒಂದು ಕಡೆ ವೇದಿಕೆ, ಇನ್ನೊಂದು ಕಡೆ ಪಂಕ್ತಿಯಲ್ಲಿ ಮುದ್ದೆ, ಮಟನ್ನು. ಡ್ರಮ್ಮಿನವನು ಬಂದಿರಲಿಲ್ಲ, ತಾಳವೂ ಲ್ಯಾಪ್‌ಟಾಪಿನಲ್ಲೇ ಇತ್ತು. ನಮ್ಮ ಗಾಯಕಿ ಪಲ್ಲವಿ ಮುಗಿಸಿ ಚರಣಕ್ಕೆ ಕಾಲಿಟ್ಟಳು, ಆ ಝಳಕ್ಕೆ ಲ್ಯಾಪ್‌ಟಾಪು ಸ್ತಬ್ಧವಾಯಿತು.

ಎಲ್ಲವೂ ನಿಂತಿತು, ಅಣ್ಣನ ಬೇಸ್ ಒಂದನ್ನು ಬಿಟ್ಟು. ಅವರು ಗಾಯಕಿಯ ಕಡೆ ತಲೆಯಾಡಿಸಿ, ಹಾಡು ಹಾಡು ಎಂದು ಸನ್ನೆ ಮಾಡಿದರು. ಹಿಂದಿನ ಆಂಪಿನ ದನಿ ಅವಳಿಗೆ ಕೇಳುತ್ತಿತ್ತು, ಪಾಪ, ಹಾಡಿದಳು. ಆದರೆ ಪೆಂಡಾಲಿಗೆ ಕೇಳಿದ್ದು ಬರೀ ಅವಳ ಗಂಟಲು.

"ಏನ್ರಪ್ಪಾ, ಸಾಂಗ್ ಸತ್ತೋಯ್ತಾ?" ಎಂದು ಪಂಕ್ತಿಯಿಂದ ಯಾರೋ ಕೂಗಿದರು.

ಮತ್ತೊಬ್ಬ, ಮೂಳೆ ಹಿಡಿದ ಕೈಯಿಂದಲೇ ತೋರಿಸುತ್ತಾ, "ಗಿಟಾರ್ ತಾತನ್ ನೋಡ್ಲಾ! ಸುಮ್ ಸುಮ್ನೆ ಆಕ್ಟಿಂಗ್ ಮಾಡ್ತಾವ್ನೆ," ಅಂದ.

ಇಡೀ ಪಂಕ್ತಿ ನಕ್ಕಿತು.

ಅಣ್ಣನಿಗೆ ಅದು ಕೇಳಿಸಿತು. ನುಡಿಸುತ್ತಲೇ ವೇದಿಕೆಯ ಎರಡು ಮೆಟ್ಟಿಲಿಳಿದರು. ಅವರ ಕೇಬಲ್ಲುಗಳೆಲ್ಲ ಉದ್ದ, ತಾವೇ ಬೆಸುಗೆ ಹಾಕಿ ಮಾಡಿಕೊಂಡವು. ಆಳೆತ್ತರದ ಸ್ಪೀಕರ್ ಡಬ್ಬದ ಮುಂದೆ ಹೋಗಿ ನಿಂತರು. ಬಲಗೈಯಲ್ಲಿ ದಪ್ಪ ತಂತಿಯನ್ನು ಮೀಟುತ್ತಾ ಎಡಗೈಯ ಅಂಗೈಯನ್ನು ಅದರ ಜಾಲರಿಯ ಮೇಲಿಟ್ಟರು. ಬೇಸ್ ನುಡಿಸುವವರಿಗೆ ಕಿವಿಗಿಂತ ಅಂಗೈ ನಿಜ ಹೇಳುತ್ತದೆ. ಮೀಟಿದರು. ಮತ್ತೆ ಮೀಟಿದರು. ಜಾಲರಿ ಅದುರಲಿಲ್ಲ. ಕೈ ನಿಂತಿತು.

ಅಷ್ಟರಲ್ಲಿ ಯಜಮಾನ ಲ್ಯಾಪ್‌ಟಾಪನ್ನು ಎಬ್ಬಿಸಿಬಿಟ್ಟ. ಹಾಡು ಧಡ್ ಎಂದು ಶುರುವಾಯಿತು. ಅಣ್ಣನ ಬಲಗೈ ತಂತಿ ಬಿಟ್ಟು ಜೋತಾಡುತ್ತಿತ್ತು, ಎಡಗೈ ಡಬ್ಬದ ಮೇಲೇ ಇತ್ತು. ಆ ಕೈಯ ಕೆಳಗೆ ಬೇಸ್ ಧಿಂ ಧಿಂ ಎಂದು ಒದೆಯುತ್ತಿತ್ತು. ಅವರು ಕೈ ತೆಗೆಯದೆ ಹಾಗೇ ತಿರುಗಿ ನನ್ನನ್ನು ನೋಡಿದರು. ಸೌಂಡಿನವನನ್ನಲ್ಲ, ಯಜಮಾನನನ್ನಲ್ಲ.

ನಾನು ಓಡಿಹೋದೆ.

"ಟ್ರ್ಯಾಕಲ್ಲಿ ಬೇಸ್ ಅದಲ್ಲೋ?" ಅಂದರು.

"ಇವತ್ತೊಂದಿನ ಅಣ್ಣಾ. ಮಿಕ್ಸರ್‌ಗೆ ಹೋಗೋ ನಿಮ್ ಕೇಬಲ್ ಒಳಗೇ ಕಟ್ಟಾಗ್ಬುಟ್ಟದಂತೆ. ಅದ್ಕೇ ಬೇಸಿರೋದು ಹಾಕವ್ನೆ," ಅಂದೆ. ಒಂದು ಚಣವೂ ಯೋಚಿಸಲಿಲ್ಲ ನಾನು. ಮಾತಿನ ಕಸುಬು ನನ್ನದು.

"ಅಂಗಾ," ಅಂದರು. ನಂಬಬೇಕು ಅಂತ ಅವರಿಗೂ ಆಸೆಯಿತ್ತು, ಮುಖದಲ್ಲಿ ಕಾಣುತ್ತಿತ್ತು. ಆ ಕೇಬಲ್ಲನ್ನು ಸುತ್ತಿ ಹೆಗಲಿಗೆ ಹಾಕಿಕೊಂಡರು. ಮದುವೆ ಮನೆಯವರು ಕರೆದಾಗ ಕೊನೇ ಪಂಕ್ತಿಯಲ್ಲಿ ಕೂತು ಉಂಡರು. ವ್ಯಾನಿಗೆ ಕಾಯದೆ ಬಸ್ಸಿಗೆ ಹೋದರು.

ಮಾರನೆಯ ಬೆಳಿಗ್ಗೆ ನನ್ನ ಮನೆಗೆ ಬಂದರು. ಜಗಲಿಯ ಮೇಲೆ ಕೂತು, ಆ ಕೇಬಲ್ಲನ್ನು ನನ್ನ ಮುಂದಿಟ್ಟರು.

"ಕೇಬಲ್ ಚೆನ್ನಾಗದೆ ಕಣ್ಲಾ," ಅಂದರು. "ಮೀಟರ್ ಇಟ್ ನೋಡ್ದೆ. ಎರಡ್ ತುದೀನೂ ಬಿಚ್ ನೋಡ್ದೆ."

ಜೀವನವೆಲ್ಲ ಕಡಿದ ತಂತಿಯನ್ನು ಹುಡುಕುವುದೇ ಕಸುಬಾದವರಿಗೆ ನಾನು ತಂತಿ ಕಡಿದಿದೆ ಎಂದಿದ್ದೆ. ಇನ್ನೇನೂ ಉಳಿದಿರಲಿಲ್ಲ. ಬಿಳಿಕೆರೆಯ ಟೀ ಅಂಗಡಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ, ಉಪಾಯ ನನ್ನದೇ ಎಂಬುದನ್ನೂ. "ನಿಮಗ್ ನೋವಾಗ್ಬಾರ್ದು ಅಂತ ಅಣ್ಣಾ," ಅಂದೆ.

"ನೋವಾಗ್ದಂಗೆ ನೋಡ್ಕಳಾಕೆ ನಾನೇನ್ ತೊಟ್ಲಲ್ಲಿದ್ನೇನೋ? 'ನಿನ್ ಗಿಟಾರು ಗುಂಯ್ ಅಂತದೆ, ನೀನ್ ಬರ್ಬೇಡ' ಅಂದಿದ್ರೆ ಎರಡ್ ದಿನ ಬೈಕಂಡು ಮನೇಲಿರ್ತಿದ್ದೆ. ಎರಡ್ ವರ್ಸ ಬೆದರುಬೊಂಬೆ ಮಾಡಿ ನಿಲ್ಸುದ್ರಲ್ಲೋ. ಅದೂ ಹೆಸ್ರು ಕೂಗಿ ಚಪ್ಪಾಳೆ ಬೇರೆ ತಟ್ಟುಸ್ದೆ." ದನಿ ಏರಿಸಲಿಲ್ಲ. ನನ್ನ ಹೆಂಡತಿ ತಂದ ಕಾಫಿಯನ್ನು ಪೂರ್ತಿ ಕುಡಿದರು. "ಚೆನ್ನಾಗ್ ಮಾಡಿದೀಯ ತಾಯಿ," ಎಂದು ಅವಳಿಗೆ ಹೇಳಿ ಎದ್ದು ಹೋದರು. ಕೇಬಲ್ಲನ್ನು ತೆಗೆದುಕೊಂಡು ಹೋಗಲಿಲ್ಲ.

ಮುಂದಿನ ತಿಂಗಳು ನಮ್ಮ ತಂಡಕ್ಕೆ ಚೆಂದದ ಒಬ್ಬ ತರುಣ ಬಂದ. ಆ ಹೊಸ ಗಿಟಾರನ್ನು ನೇತುಹಾಕಿಕೊಂಡು ನಿಲ್ಲುತ್ತಾನೆ. ನುಡಿಸಲು ಬರುವುದಿಲ್ಲ, ಅಲ್ಲಾಡಲು ಬರುತ್ತದೆ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ನಾನು ಅವನ ಹೆಸರನ್ನೂ ಕೂಗುತ್ತೇನೆ. ಹೊಟ್ಟೆಪಾಡು ಎನ್ನಬಹುದಿತ್ತು. ಆದರೆ ಎರಡೂ ಹೆಸರನ್ನು ನಾನು ಒಂದೇ ದನಿಯಲ್ಲಿ ಕೂಗಿದೆ ಎಂಬುದಕ್ಕೆ ಅದು ಉತ್ತರವಲ್ಲ.

ಅಣ್ಣನ ಅಂಗಡಿಗೆ ನಾನು ಹೋಗುವುದನ್ನು ಬಿಡಲಿಲ್ಲ. ಮಳೆ, ಹೊಗೆಸೊಪ್ಪಿನ ರೇಟು, ಯಾರ ಮೋಟರು ಸುಟ್ಟಿತು, ಎಲ್ಲ ಮಾತಾಡುತ್ತಿದ್ದರು. ಹಾಡಿನ ಸುದ್ದಿ ಒಂದನ್ನು ಬಿಟ್ಟು. ಗೋಡೆಯ ಮೇಲಿನ ಮೂರೂ ಗಿಟಾರು ಮನೆಗೆ ಹೋಗಿದ್ದವು. ಒಮ್ಮೆ ಅಣ್ಣ ಬ್ಯಾಂಕಿಗೆ ಹೋಗಿದ್ದಾಗ ಅತ್ತಿಗೆ ಹೇಳಿದರು. "ದಿನಾ ನುಡಿಸ್ತಾರಪ್ಪ. ಬಾಗ್ಲಾಕಂಡು, ಆ ಆಂಪು ಈಂಪು ಏನೂ ಹಾಕಲ್ಲ. ಗಲ್ಲಾನ ಗಿಟಾರಿನ್ ಮರಕ್ಕೆ ಒತ್ತಿಡ್ಕಂಡು ನುಡಿಸ್ತಾರೆ. ಪಕ್ಕದಲ್ಲಿ ಕೂತ್ರೂ ನಂಗೇನೂ ಕೇಳಕಿಲ್ಲ. ಅವರಿಗ್ ಮಾತ್ರ ಕೇಳ್ತದೇನೋ."

ಈ ವರ್ಷದ ಮೊದಲ ಮಳೆಗೆ ಮುಂಚೆ, ಅಂಗಡಿಯ ಬೆಂಚಿನ ಮೇಲೆ ಎದೆನೋವು ಬಂದು ಅಣ್ಣ ತೀರಿಕೊಂಡರು.

ಯಜಮಾನ ತುಂಬ ಅತ್ತ. ತಿಥಿಯ ದಿನ ನಮ್ಮ ತಂಡದಿಂದ ಭಜನೆ ಇಡೋಣ, ಸೌಂಡು ಗೀಂಡು ಎಲ್ಲ ನಮ್ಮದೇ ಎಂದು ಹೇಳಲು ಅವನೂ ನಾನೂ ಅತ್ತಿಗೆಯ ಹತ್ತಿರ ಹೋದೆವು. ಅವರು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

"ಬ್ಯಾಡಪ್ಪಾ," ಅಂದರು. "ನೀವು ಊಟಕ್ ಬನ್ನಿ, ಸಾಕು."

ಹೋದೆವು. ಗಾವಡಗೆರೆಯ ಕಡೆಯಿಂದ ನಾಲ್ಕು ಜನ ಮುದುಕರು ಹಾರ್ಮೋನಿಯಂ, ತಾಳ ತಂದು ಚಾಪೆಯ ಮೇಲೆ ಕೂತು ಹಾಡಿದರು. ಮೈಕು ಇರಲಿಲ್ಲ. ಮುಗಿಯುವವರೆಗೂ ನಾವು ಹೊರಗಿನ ಪೆಂಡಾಲಿನಲ್ಲಿ ಕೂತಿದ್ದೆವು. ಆಮೇಲೆ ಎಲೆ ಹಾಕಿದರು. ಅತ್ತಿಗೆಯೇ ಬಂದು ನನ್ನ ಎಲೆಗೆ ಎರಡನೇ ಸಲ ಅನ್ನ ಬಡಿಸಿದರು. ಉಂಡು, ಕೈತೊಳೆದು, ವ್ಯಾನು ಹತ್ತಿದೆವು. ಆ ಸಂಜೆ ಕೆ.ಆರ್. ನಗರದಲ್ಲಿ ಕಾರ್ಯಕ್ರಮವಿತ್ತು.